ಅಮಾಸಿ ಪಾರ್ಟಿ

ಗಜೇಂದ್ರಗಡ
೨ ಸೆಪ್ಟೆಂಬರ್ ೧೯೫೮

ದೋಸ್ತ ಯಮನೂರಸಾಬನಿಗೆ,

ನಮಸ್ಕಾರ ಬರೆದರೆ ‘ಇವನ ನಮಸ್ಕಾರ ಯಾರಿಗೆ ಬೇಕು’ ಅನ್ನುತ್ತೀ, ಸಲಾಮು ಬರೆದರೆ ‘ಬೆಣ್ಣಿ ಹಚ್ಚಾಕ ಬಂದ’ ಅನ್ನುತ್ತೀ. ಆದ್ದರಿಂದ ಎರಡನ್ನೂ ಬಿಟ್ಟು ವಿಷಯಕ್ಕೆ ಬರುತ್ತೇನೆ. ಮೂರು ವರ್ಷ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನಿನ್ನ ವಿಳಾಸ ಕೊಟ್ಟವನು ಬಸ್ಸಿನ ಕಂಡಕ್ಟರ್. ನರಗುಂದದ ಬಸ್ ಸ್ಟ್ಯಾಂಡಿನ ಬಾಜೂಕೆ ಗ್ಯಾಸ್‌ಬತ್ತಿ, ಸ್ಟೋ ರಿಪೇರಿಯ ಅಂಗಡಿ ಇಟ್ಟಿದ್ದೀಯಂತೆ. ‘ಕೆಲಸ ಚಲೋ ಮಾಡತಾನ್ರಿ, ಆದ್ರ ಗಿರಾಕಿ ಜೋಡಿ ಮಾತಾಡೂದಿಲ್ಲ’ ಅಂದ. ನೀನೇ ಎಂದು ಖಾತ್ರಿಯಾಯಿತು.

ಅವ್ವ ಹಾಸಿಗೆ ಹಿಡಿದಿದ್ದಾಳೆ. ಕೆಮ್ಮು ಶ್ರಾವಣದಿಂದ ಬಿಟ್ಟಿಲ್ಲ. ದವಾಖಾನೆಯ ಡಾಕ್ಟರು ಎದೆ ನೋಡಿ, ‘ಮನೀಗೆ ಕರಕೊಂಡ ಹೋಗ್ರಿ, ಏನ್ ಬೇಡ್ತಾರ ಅದನ್ನ ಮಾಡಿ ಹಾಕ್ರಿ’ ಎಂದರು. ಎಂದೂ ಬೈಯದೆ ಮಾತಾಡದ ಮನುಷ್ಯ ಅಷ್ಟು ಮೆತ್ತಗೆ ಮಾತಾಡಿದಾಗಲೇ ನನಗೆ ಎಲ್ಲ ತಿಳಿಯಿತು. ಅವ್ವ ತಿನ್ನಲು ಏನೂ ಬೇಡುತ್ತಿಲ್ಲ. ಬೇಡುವುದು ಒಂದೇ: ‘ರಾಜೂರ ಹಾಡವ್ವನ ದನಿ ಇನ್ನೊಂದ ಸರ್ತಿ ಕೇಳಬೇಕೋ ಅಂದಾನಿ. ಕೇಳಿ ಕಣ್ಣು ಮುಚ್ಚತೀನಿ.’

ಹಾಡವ್ವ ಯಾರು ಎಂದು ಈ ಭೂಮಿಯ ಮೇಲೆ ಗೊತ್ತಿರುವವರು ಮೂವರೇ. ನೀನು, ನಾನು, ನನ್ನ ತಂಗಿ ದ್ರಾಕ್ಷಾಯಣಿ.

ಸಿಟ್ಟಿನಲ್ಲಿ ನೀನು ಎಲ್ಲ ಮರೆತಿರಬಹುದು. ಬೇರೆ ಯಾರದೋ ಕಥೆ ಎಂದುಕೊಂಡು ಓದು. ಗಂಡ ತೀರಿಕೊಂಡು ದ್ರಾಕ್ಷಾಯಣಿ ತವರಿಗೆ ಬಂದು ಕುಳಿತ ವರ್ಷ. ಸಣ್ಣವಳಿದ್ದಾಗ ಅವಳು ಬೀಸುವ ಕಲ್ಲಿನ ಮುಂದೆ ಕೂತು ಹಾಡಿದರೆ ಓಣಿಯ ಮಗ್ಗಗಳು ನಿಂತು ಕೇಳುತ್ತಿದ್ದವು. ಅವತ್ತು ರಾಟಿ ತಿರುವುತ್ತ ಸಣ್ಣಗೆ ಏನೋ ಗುನುಗಿದಳು. ಅವ್ವ ಒಳಗಿನಿಂದಲೇ, ‘ಗಂಡನ್ನ ಕಳಕೊಂಡಾಕಿ ಹಾಡತಾಳಂದ್ರ ಮಂದಿ ಏನಂದಾರು’ ಅಂದಳು. ಬಣ್ಣ ಹಾಕಿದ ನೂಲು ಹೊತ್ತುಕೊಂಡು ನೀನು ಬಾಗಿಲಲ್ಲೇ ನಿಂತಿದ್ದೆ. ಮೊಣಕೈ ತನಕ ನೀಲಿ ಕೈ. ಹೊರಗೆ ಬಂದು ನನಗೆ ಹೇಳಿದೆ: ‘ಅಂದಾನಿ, ಆ ದನಿ ಕೊಳೀಬಾರದು.’

ನಿನ್ನ ಕಾಕಾ ಮುಂಬೈಯಿಂದ ತಂದುಕೊಟ್ಟ ಬಾಜಾ ನಿನ್ನ ಹತ್ತಿರ ಇತ್ತು, ಗುಂಡಿ ಒತ್ತಿ ತಂತಿ ಮೀಟುವ ಬುಲ್‌ಬುಲ್ ತರಂಗ. ಅಲ್ಲಿಯ ಯಾವುದೋ ಹೋಟೆಲಿನಲ್ಲಿ ಹುಡುಗರು ಹೊಸ ತರಹದ ಹಾಡು ಬಾರಿಸಿದ್ದನ್ನು ನೀನು ಕೇಳಿಬಂದಿದ್ದೆ. ಕೂತವರು ಕೂತಲ್ಲಿ ಕೂಡದಂಥ ಹಾಡು ಎಂದಿದ್ದೆ. ಬೀಸುವ ಕಲ್ಲಿನ ಹಾಡಿಗೆ ಆ ಓಟ ಕೊಟ್ಟರೆ ಹೇಗೆ ಎಂದವನು ನೀನು. ತಾಳಕ್ಕೆ ಚಿಮಣಿ ಎಣ್ಣೆಯ ಡಬ್ಬಿ ಹಿಡಿದವನು ನಾನು. ಹುಟ್ಟಿದಾಗಿನಿಂದ ಮಗ್ಗ ತುಳಿದವನಿಗೆ ತಾಳ ಯಾರೂ ಕಲಿಸಬೇಕಾಗಿರಲಿಲ್ಲ.

ಜಾಗ ಹುಡುಕಿದವನೂ ನಾನೇ. ರಾಜೂರಲ್ಲಿ ಸೋದರಮಾವ ಫಕ್ಕೀರಪ್ಪನ ಕಣದಲ್ಲಿ ಜೋಳ ತುಂಬಿಡುವ ನೆಲದೊಳಗಿನ ಹಗೇವು. ನೀರು ಜಿನುಗಿ ಕಾಳು ಕೆಟ್ಟಿತೆಂದು ಮಾವ ಅದನ್ನು ಬರಿದು ಬಿಟ್ಟಿದ್ದ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ‘ಒಳಗಿನ ಜ್ವಾಳನ ಹೊರಗ ಕಾಣೂದಿಲ್ಲ, ಒಳಗಿನ ಹಾಡು ಕೇಳತದೇನ?’ ಅಂದವನು ನೀನು, ನೆನಪಿದೆಯೇ? ಅಮಾವಾಸ್ಯೆಗೆ ನಾವು ಮಗ್ಗ ಹೂಡುವುದಿಲ್ಲ, ರೈತರು ಎತ್ತು ಹೂಡುವುದಿಲ್ಲ, ಕಣದ ಕಡೆ ನರಪಿಳ್ಳೆ ಇರುವುದಿಲ್ಲ. ಮೊದಲು ಕಂದೀಲು ಇಳಿಬಿಟ್ಟು ಒಳಗಿನ ಗಾಳಿಗೆ ಅದು ಆರುವುದಿಲ್ಲವೆಂದು ನೋಡಿ, ಆಮೇಲೆ ಏಣಿ ಇಳಿಸಿ ಮೂವರೂ ಇಳಿಯುತ್ತಿದ್ದೆವು. ‘ಅಮಾಸಿ ಪಾರ್ಟಿ’ ಎಂದು ಹೆಸರಿಟ್ಟವಳು ದ್ರಾಕ್ಷಾಯಣಿ. ಗಂಡ ಸತ್ತ ಮೇಲೆ ಅವಳು ಮೊದಲ ಸಲ ನಕ್ಕದ್ದು ಆ ಹೆಸರಿಗೆ.

ಮಹಾನವಮಿ ಅಮಾವಾಸ್ಯೆಗೆ ಬಾ. ಅವ್ವನನ್ನು ಚಕ್ಕಡಿಯಲ್ಲಿ ರಾಜೂರಿಗೆ ಒಯ್ಯುತ್ತೇನೆ. ಮೊದಲೇ ನಾವು ಮೂವರೂ ಹೇಗಾದರೂ ಕೆಳಗೆ ಇಳಿದಿರೋಣ. ಒಂದೇ ಹಾಡು. ನಿನ್ನ ಬಾಜಾ ಅಲ್ಲಿಯೇ ಇದೆ.

ಉತ್ತರದ ದಾರಿ ನೋಡುವ,
ಅಂದಾನೆಪ್ಪ


ನರಗುಂದ
೧೨ ಸೆಪ್ಟೆಂಬರ್ ೧೯೫೮

ಅಂದಾನೆಪ್ಪಾ,

ಬಾಜಾ ಅಲ್ಲಿಯೇ ಇದೆ ಎಂದು ನನಗೆ ನೀನು ಹೇಳಬೇಕಾಗಿಲ್ಲ.

ನೀನು ಕಥೆಯನ್ನು ಸಿಹಿಯಾದ ಕಡೆ ನಿಲ್ಲಿಸಿದ್ದೀ. ಉಳಿದದ್ದನ್ನು ನಾನು ಬರೆಯುತ್ತೇನೆ. ವೈಶಾಖದ ಅಮಾವಾಸ್ಯೆ, ನಾವು ಇಳಿದದ್ದು ಅದು ಮೂರನೇ ಸಲ. ದ್ರಾಕ್ಷಾಯಣಿ ತಂಗಿ ಹಾಡು ಮುಗಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಮೇಲೆ ಹೆಂಗಸರ ದನಿ. ಕಾಲಕಾಲೇಶ್ವರನ ಗುಡಿಗೆ ಹೊರಟ ರಾಜೂರಿನವರು. ಅವರ ನಡುವೆ ಯಾರೋ, ‘ಭೂಮಿತಾಯಿ ಹಾಡಾಕತ್ತಾಳ್ರೆವಾ!’ ಎಂದು ಚೀರಿದರು. ದನಿ ಯಾರದೆಂದು ಕಂದೀಲಿನ ಬೆಳಕಿನಲ್ಲಿ ನಿನ್ನ ಮುಖ ನೋಡಿ ತಿಳಿಯಿತು. ನಿನ್ನವ್ವ, ನನ್ನ ದೊಡ್ಡವ್ವ, ಮಾವನ ಮನೆಯಲ್ಲೇ ಇರುತ್ತಾಳೆ ಎಂದು ನೀನು ಹೇಳಿದ್ದೆ. ಅವಳು ಆ ಹೆಂಗಸರನ್ನು ಕೂಡಿಕೊಂಡು ಗುಡಿಗೆ ಹೊರಟಿದ್ದಳು.

ಹತ್ತಿರ ಬರಲು ಯಾರಿಗೂ ಧೈರ್ಯವಿರಲಿಲ್ಲ. ಅರಿಷಿಣ, ಕುಂಕುಮ, ಕಾಯಿ ತರಲು ಎಲ್ಲರೂ ಊರ ಕಡೆ ಓಡಿದರು. ಆಗ ನಾವು ಏಣಿ ಹತ್ತಿದೆವು. ಬಾಜಾಕ್ಕೆ ಹಗ್ಗ ಕಟ್ಟಿ ಎಳೆಯೋಣ ಎಂದೆ. ‘ಮೊದಲ ಓಡು’ ಎಂದೆ ನೀನು. ಒಬ್ಬ ಸಾಬರ ಹುಡುಗ, ಒಬ್ಬ ಗಂಡ ಸತ್ತ ಹೆಣ್ಣುಮಗಳು, ಒಂದೇ ಹಗೇವಿನಲ್ಲಿ. ಸಿಕ್ಕರೆ ಏನಾಗುತ್ತದೆಂದು ನನಗೂ ಗೊತ್ತಿತ್ತು. ತಂಗಿಯನ್ನು ಮಾವನ ಹಿತ್ತಲಿಗೆ ಮುಟ್ಟಿಸಿ ನಾನು ಗಜೇಂದ್ರಗಡದ ದಾರಿ ಹಿಡಿದೆ. ನೀನು ಏಣಿ ಅಡಗಿಸಿ ಅಲ್ಲೇ ನಿಂತೆ. ‘ನೀನೂ ಕೇಳಿದೇನೋ ಅಂದಾನಿ?’ ಅಂದಳಂತೆ ದೊಡ್ಡವ್ವ. ‘ಕೇಳಿದೆನವ್ವಾ’ ಅಂದೆಯಂತೆ. ಅಷ್ಟಕ್ಕೆ ಸಾಕಾಯಿತು. ಹಗೇವಿನ ಬಾಯಿಗೆ ಕಲ್ಲು ಬಿತ್ತು, ಕಲ್ಲಿಗೆ ಕುಂಕುಮ ಬಿತ್ತು, ಹಾಡವ್ವ ಎಂದು ಹೆಸರೂ ಬಿತ್ತು.

ಆ ಮಾತಿಗೆ ನಾನು ನಿನ್ನನ್ನು ಬೈಯುವುದಿಲ್ಲ. ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಕಲ್ಲು ಸರಿಸಿ ನನ್ನ ಬಾಜಾ ತೆಗೆದುಕೊಡು ಎಂದು ನಿನ್ನ ಮನೆಗೆ ಎಷ್ಟು ಸಲ ಬಂದೆ? ಪ್ರತಿ ಸಲ ನೀನು ‘ಸುಮ್ಮನಿರು’ ಎಂದೆ. ಸುಮ್ಮನಿದ್ದೇನೆ, ಮೂರು ವರ್ಷದಿಂದ.

ದೊಡ್ಡವ್ವನ ಜಡ್ಡಿನ ಸುದ್ದಿ ಓದಿ ಅಂಗಡಿಯ ಬಾಗಿಲು ಮುಚ್ಚಿ ಕುಳಿತೆ. ನನ್ನ ಕೈ ನೀಲಿಯಿದ್ದರೆ ರೊಟ್ಟಿಯನ್ನು ತಾನೇ ಮುರಿದು ಕೊಡುತ್ತಿದ್ದ ಹೆಣ್ಣುಮಗಳು ಅವಳು. ನನಗೆ ಭಾಳ ಕೆಟ್ಟದೆನಿಸುತ್ತಿದೆ. ಆದರೂ ಆ ತಗ್ಗಿಗೆ ಇನ್ನೊಮ್ಮೆ ಕಳ್ಳನಂತೆ ಇಳಿಯಲಾರೆ.

ಇನ್ನೊಂದು ಮಾತು. ‘ನಾವು ಮೂವರು’ ಎಂದು ಬರೆದಿದ್ದೀ. ತಂಗಿಯನ್ನು ಕೇಳಿದ್ದೀಯಾ?

ಯಮನೂರಸಾಬ


ಗಜೇಂದ್ರಗಡ
೨೩ ಸೆಪ್ಟೆಂಬರ್ ೧೯೫೮

ಯಮನೂರಾ,

ನಿನ್ನ ಕಾಗದ ಓದಿ ಎರಡು ದಿನ ನಿನ್ನನ್ನು ಬೈದೆ. ಮೂರನೇ ದಿನ ಬೈಯಲು ಏನೂ ಉಳಿಯಲಿಲ್ಲ.

ರಾಜೂರಿಗೆ ಹೋಗಿಬಂದೆ. ನೀನು ಒಮ್ಮೆ ಆ ಜಾಗ ನೋಡಬೇಕು. ಕಲ್ಲಿನ ಮೇಲೆ ತಗಡಿನ ಸೂರು ಬಂದಿದೆ. ಬಂಜೆಯರು ಹಸಿರು ಬಳೆ ಏರಿಸುತ್ತಾರೆ. ತೊದಲುವ ಮಕ್ಕಳನ್ನು ತಂದು ಕಲ್ಲಿಗೆ ಬಾಯಿ ಹಚ್ಚಿಸುತ್ತಾರೆ. ಪೂಜಾರಿ ಯಾರಂತೀ? ನಮ್ಮ ಮಾವ ಫಕ್ಕೀರಪ್ಪ! ಹೆಂಡತಿ ಕರೆದರೆ ಓಗೊಡದ ಮನುಷ್ಯ ಈಗ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ದೇವಿ ಅಮಾವಾಸ್ಯೆಗೇ ಯಾಕೆ ಹಾಡುತ್ತಾಳೆಂದು ಬಂದವರಿಗೆಲ್ಲ ಅರ್ಥ ಬಿಡಿಸಿ ಹೇಳುತ್ತಾನೆ. ನೇಕಾರನಿಗೆ ಅವತ್ತು ರಜೆ ಎಂಬುದೊಂದನ್ನು ಬಿಟ್ಟು ಉಳಿದ ಎಲ್ಲ ಅರ್ಥವೂ ಅವನಿಗೆ ಗೊತ್ತು. ಕಲ್ಲು ಸ್ವಲ್ಪ ಎತ್ತಿ ನೋಡೋಣವೇ ಎಂದೆ. ‘ಕಲ್ಲೆತ್ತಿದ್ರ ಊರ ಉಳಿಯೂದಿಲ್ಲೋ ತಮ್ಮಾ’ ಎಂದು ಕಣ್ಣು ಕೆಂಪಗೆ ಮಾಡಿದ. ಆದ್ದರಿಂದ ಕೆಳಗೆ ಇಳಿಯುವ ಮಾತು ಮುಗಿಯಿತು. ನೀನು ಗೆದ್ದೆ.

ಅವ್ವ ಮೂರು ವರ್ಷ ಅಮಾವಾಸ್ಯೆ ತಪ್ಪಿಸದೆ ಅಲ್ಲಿಗೆ ನಡೆದು ಹೋಗಿದ್ದಾಳೆ. ದೇವಿ ಮತ್ತೆ ಹಾಡಲಿಲ್ಲ. ತನ್ನಿಂದಲೇ ಏನೋ ತಪ್ಪಾಗಿದೆ ಎಂದು ಅವ್ವ ತಿಳಿದಿದ್ದಾಳೆ. ನಿನ್ನೆ ಕೆಮ್ಮಿ ಕೆಮ್ಮಿ ಸೋತು, ‘ನಾ ಏನ ಪಾಪ ಮಾಡೀನಿ, ಆಕಿ ನನ್ನ ಮ್ಯಾಲ ಯಾಕ ಸಿಟ್ಟಾಗ್ಯಾಳ?’ ಎಂದು ಕೇಳಿದಳು. ಎದ್ದು ಹೋಗಿ ಮಗ್ಗದಲ್ಲಿ ಕುಳಿತೆ. ಎರಡು ಸಲ ಲಾಳಿ ತಪ್ಪಿ ಕೆಳಗೆ ಬಿತ್ತು.

ದ್ರಾಕ್ಷಾಯಣಿಯನ್ನು ಕೇಳಿದೆ. ಅವಳು ರಾಟಿ ನಿಲ್ಲಿಸಲಿಲ್ಲ. ‘ನನ್ನ ಕೇಳಾಕ ನಿನಗ ಮೂರ ವರ್ಷ ಬೇಕಾತೇನಣ್ಣಾ?’ ಎಂದಳು. ಆಮೇಲೆ, ‘ಇದು ನಿನ್ನ ಬುದ್ಧಿ ಅಲ್ಲ, ಯಮನೂರಣ್ಣ ಬರದಿರಬೇಕು’ ಎಂದಳು. ನಿನ್ನ ಕಾಗದ ಕೊಟ್ಟೆ. ಓದಿದಳು. ಮೂರನೇ ಇಯತ್ತೆ ಓದಿದವಳು, ಅಷ್ಟು ಹೊತ್ತು ಅದನ್ನು ಹಿಡಿದು ಕುಳಿತದ್ದು ಅಕ್ಷರಕ್ಕಾಗಿ ಅಲ್ಲ.

ನನಗೆ ಏನೂ ತೋಚುತ್ತಿಲ್ಲ ದೋಸ್ತ. ನಿಜ ಹೇಳಿದರೆ, ಮಕ್ಕಳೇ ತನಗೆ ದೇವರೆಂದು ಮೋಸ ಮಾಡಿದರು ಎಂಬ ಸಂಕಟದಲ್ಲಿ ಸಾಯುತ್ತಾಳೆ. ಹೇಳದಿದ್ದರೆ, ದೇವಿ ತನ್ನ ಮೇಲೆ ಸಿಟ್ಟಾಗಿದ್ದಾಳೆಂದು ಸಾಯುತ್ತಾಳೆ.

ನಿನ್ನ,
ಅಂದಾನಿ


ಗಜೇಂದ್ರಗಡ
೧ ಅಕ್ಟೋಬರ್ ೧೯೫೮

ಯಮನೂರಣ್ಣನವರಿಗೆ ದ್ರಾಕ್ಷಾಯಣಿಯ ಶರಣು.

ನನ್ನ ಅಕ್ಷರ ಸೊಟ್ಟ ಇವೆ, ಸಾವಕಾಶ ಓದಿರಿ. ಈ ಕಾಗದ ಬರೆಯುವುದು ಅಣ್ಣನಿಗೆ ಗೊತ್ತಿದೆ. ಏನು ಬರೆಯುತ್ತೇನೆ ಎಂದು ಗೊತ್ತಿಲ್ಲ.

ನಾನು ಯಾಕೆ ಹಾಡು ಬಿಟ್ಟೆ ಎಂದು ನೀವಿಬ್ಬರೂ ಕೇಳಲಿಲ್ಲ. ಹೆದರಿ ಬಿಟ್ಟೆ ಎಂದು ತಿಳಿದಿರಿ. ಅದು ಹಾಗಲ್ಲ. ಅವತ್ತು ಸಂಜೆ ಅವ್ವ ಕಾಯಿಯ ಹೋಳು ಹಿಡಿದುಕೊಂಡು ಮಾವನ ಮನೆಗೆ ಬಂದಳು. ನಾನು ಒಲೆಯ ಮುಂದೆ ಕೂತಿದ್ದೆ, ಸೀರೆಗೆ ಇನ್ನೂ ಹಗೇವಿನ ಮಣ್ಣು ಹತ್ತಿತ್ತು. ಅವ್ವ ನನ್ನ ಕೈಗೆ ಪ್ರಸಾದ ಕೊಟ್ಟು ಅತ್ತಳು. ‘ಆ ದನಿ ಕಿವಿಯಿಂದ ಬರಲಿಲ್ಲವಾ, ಅಂಗಾಲಿಂದ ಏರಿ ಎದಿಗೆ ಬಂತು. ನಿಮ್ಮಪ್ಪ ಹೋದಾಗ ಬರದ ಅಳು ಇವತ್ತ ಬಂತು. ನೀ ಕೇಳಬೇಕಿತ್ತು’ ಎಂದಳು. ನನ್ನ ಅವ್ವ ನನ್ನ ಹಾಡನ್ನು ಹೊಗಳಿ ಅಳುತ್ತಿದ್ದಾಳೆ, ನಾನು ಸುಮ್ಮನೆ ಕೂತಿದ್ದೇನೆ. ತಡೆಯಲಾಗದೆ ಒಂದು ಸಾಲು ಸಣ್ಣಗೆ ಹಾಡಿದೆ, ಗುರುತು ಹಿಡಿಯಲಿ ಎಂದು.

ಅವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ‘ಬ್ಯಾಡ. ದೇವಿ ಹಾಡು ನಿನ್ನ ಬಾಯಾಗ ಬ್ಯಾಡ’ ಎಂದಳು.

ಅಂದಿನಿಂದ ಹಾಡಲು ಬಾಯಿ ತೆಗೆದರೆ ಆ ಕೈ ಅಡ್ಡ ಬರುತ್ತದೆ ಅಣ್ಣಾ. ಮೂರು ವರ್ಷ ನನ್ನ ದನಿಗೆ ಕಾಯಿ ಒಡೆಯಲು ಅವ್ವ ಬಿಸಿಲಲ್ಲಿ ನಡೆದು ಹೋದಳು, ಮನೆಗೆ ಬಂದು ನನಗೆ ‘ಸುಮ್ಮನ ಕೂಡು’ ಎಂದಳು. ನಾನು ದೇವಿಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಯಾರ ಮುಂದೆ ಹೇಳಲಿ?

ಆದ್ದರಿಂದ ಅಣ್ಣ ಹೇಳಿದ ಹಾಗೆ ನೆಲದೊಳಗೆ ಕೂತು ನಾನು ಹಾಡುವುದಿಲ್ಲ. ಕಲ್ಲು ತೆಗೆದುಕೊಟ್ಟರೂ ಹಾಡುವುದಿಲ್ಲ. ಅವ್ವನ ಹಾಸಿಗೆಯ ಬಾಜೂಕೆ ಕೂತು, ಅವ್ವ ನನ್ನ ಬಾಯಿ ನೋಡುತ್ತಿರುವಾಗ ಹಾಡುತ್ತೇನೆ. ಅವ್ವ ಏನು ಅನ್ನುತ್ತಾಳೋ ಅನ್ನಲಿ. ಅವಳು ಹೋದ ಮೇಲೆ ಈ ಹಾಡು ನನ್ನದು ಎಂದು ನಾನು ಯಾರಿಗೆ ಹೇಳಲಿ? ಹೇಳಿದರೂ ಏನು ಬಂತು?

ನೀವು ಬರ್ರಿ. ಬಾಜಾ ಇಲ್ಲದಿದ್ದರೂ ಬರ್ರಿ. ಅಣ್ಣನ ಡಬ್ಬಿಯೊಂದೇ ಇದ್ದರೆ ಅವನು ಹೆದರಿಕೆಯಲ್ಲಿ ಓಡಿಬಿಡುತ್ತಾನೆ.

ನಿಮ್ಮ ತಂಗಿ,
ದ್ರಾಕ್ಷಾಯಣಿ


ನರಗುಂದ
೫ ಅಕ್ಟೋಬರ್ ೧೯೫೮

ತಂಗಿ ದ್ರಾಕ್ಷಾಯಣಿಗೆ,

ಬರುತ್ತೇನೆ. ಅಮಾವಾಸ್ಯೆಯ ಹಿಂದಿನ ದಿನದ ಬಸ್ಸಿಗೆ.

ಕೈ ಬೀಸಿಕೊಂಡು ಬರುವುದಿಲ್ಲ. ಅಂದಾನೆಪ್ಪನಿಗೆ ಬರೆಯಲಿಲ್ಲ, ನಿನಗೆ ಹೇಳುತ್ತೇನೆ. ಹುಬ್ಬಳ್ಳಿಯ ಗುಜರಿಯಲ್ಲಿ ಟೈಪ್‌ರೈಟರಿನ ಹಳೇ ಗುಂಡಿಗಳು ಸಿಕ್ಕವು. ಸಾಗವಾನಿ ಹಲಗೆಗೆ ಕೂಡಿಸಿ ಒಂದು ಬಾಜಾ ಮಾಡಿಕೊಂಡಿದ್ದೇನೆ. ಅಂಗಡಿ ಮುಚ್ಚಿದ ಮೇಲೆ ಬಾರಿಸುತ್ತೇನೆ. ನನ್ನ ಹೆಂಡತಿ ಮುನೀರಾ, ‘ಒಂದ ಹಾಡನ್ನ ಎಷ್ಟ ಸಲ ಬಾರಸ್ತೀರಿ’ ಅನ್ನುತ್ತಾಳೆ. ಅದು ನಿನ್ನ ಹಾಡು.

ಯಮನೂರಸಾಬ


ನರಗುಂದ
೧೧ ಅಕ್ಟೋಬರ್ ೧೯೫೮

ಅಂದಾನಿ,

ಬೆಣ್ಣಿಹಳ್ಳ ತುಂಬಿ ಬಂದಿದೆ. ಬಸ್ಸು ದಂಡೆಯ ತನಕ ಹೋಗಿ ನಿಂತಿತು. ಬಾಜಾ ತಲೆಯ ಮೇಲೆ ಹೊತ್ತು ಸಂಜೆಯ ತನಕ ನೀರು ಇಳಿಯುತ್ತದೆಂದು ಕಾದೆ. ಮನುಷ್ಯನ ಎತ್ತರಕ್ಕೆ ಕೆಂಪು ನೀರು. ಈಜುತ್ತೇನೆ ಎಂದರೆ ಡ್ರೈವರು ಬಿಡಲಿಲ್ಲ. ವಾಪಸು ಬಂದೆ. ಈ ಕಾರ್ಡು ಮುಟ್ಟುವ ಹೊತ್ತಿಗೆ ಅಮಾವಾಸ್ಯೆ ಮುಗಿದಿರುತ್ತದೆ. ತಂಗಿಗೆ ಹೇಳು, ನಾನು ಈ ಸಲ ಓಡಿಹೋಗಲಿಲ್ಲ.

ಯಮನೂರ


ಗಜೇಂದ್ರಗಡ
೧೬ ಅಕ್ಟೋಬರ್ ೧೯೫೮

ಯಮನೂರಾ,

ನಿನ್ನ ಕಾರ್ಡು ನಿನ್ನೆ ಬಂತು. ಅಮಾವಾಸ್ಯೆಯ ದಿನ ಮಧ್ಯಾಹ್ನದ ತನಕ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಿನಗೆ ಬಾಯಿಗೆ ಬಂದದ್ದನ್ನು ಅಂದಿದ್ದೇನೆ. ಅವನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ.

ನೀನು ಬರಲಿಲ್ಲವಲ್ಲ, ಇನ್ನೊಂದು ಅಮಾವಾಸ್ಯೆಗೆ ನೋಡೋಣ ಎಂದೆ ದ್ರಾಕ್ಷಾಯಣಿಗೆ. ಅವಳು ಅವ್ವನ ಮುಖ ತೋರಿಸಿದಳು. ಆಮೇಲೆ ಎದ್ದು ಮುಖ ತೊಳೆದು ಬಂದು ಹಾಸಿಗೆಯ ಮಗ್ಗುಲಲ್ಲಿ ಕೂತು, ‘ಅವ್ವಾ, ನನ್ನ ಬಾಯಿ ನೋಡು’ ಎಂದಳು. ‘ರಾಜೂರ ಹಗೇವಿನ್ಯಾಗ ಹಾಡಿದಾಕಿ ದೇವಿ ಅಲ್ಲ. ನಾನು. ಅಣ್ಣ ಡಬ್ಬಿ ಬಾರಿಸ್ಯಾನ, ಯಮನೂರಣ್ಣ ಬಾಜಾ ಬಾರಿಸ್ಯಾನ.’ ಬಿಚ್ಚಿಯೇ ಹೇಳಿಬಿಟ್ಟಳು.

ಅವ್ವ ನಕ್ಕಳು. ಕೆಮ್ಮು ಬರುವ ತನಕ ನಕ್ಕಳು. ‘ನನ್ನ ಸಮಾಧಾನಕ್ಕ ಏನೇನ ಹೇಳ್ತಿ ಹುಚ್ಚಿ’ ಎಂದಳು.

ಆಗ ದ್ರಾಕ್ಷಾಯಣಿ ಹಾಡಿದಳು. ನಾನು ಡಬ್ಬಿ ಎತ್ತಿಕೊಂಡೆ. ಮೊದಲ ಎರಡು ಪೆಟ್ಟು ಎಲ್ಲೆಲ್ಲೋ ಬಿದ್ದವು. ಅವಳು ನನ್ನ ತೊಡೆಯ ಮೇಲೆ ಕೈಯಿಟ್ಟು ತಾಳ ಹಾಕಿ ನನ್ನನ್ನು ದಾರಿಗೆ ತಂದಳು. ಅದೇ ಹಾಡು:

ನೂಲೆಳಿ ಹರದಾಗ ಗಂಟ್ಹಾಕಿ ನೇದೇನ
ಮಾತ್ಹರದ ಮ್ಯಾಲ ಏನ ಮಾಡ್ಲೆವ್ವ, ನನ ಜೀವ
ರಾಟೀಯ ಹಂಗ ತಿರಗ್ಯಾವ

ಮೊದಲು ದನಿ ಒಡೆಯಿತು. ಮೂರು ವರ್ಷ ಮುಚ್ಚಿಟ್ಟ ದನಿ, ಒಡೆಯದೆ ಇನ್ನೇನು. ಎರಡನೇ ಸುತ್ತಿಗೆ ನೆಟ್ಟಗಾಯಿತು. ಮೂರನೇ ಸುತ್ತಿಗೆ ನಿನ್ನ ಆ ಓಟ ಹಿಡಿದಳು ನೋಡು, ನನ್ನ ಮೈಯೆಲ್ಲ ಜುಮ್ಮೆಂದಿತು. ಅವತ್ತು ಯಾವ ಮಗ್ಗವೂ ನಡೆಯುತ್ತಿರಲಿಲ್ಲ, ಇಡೀ ಓಣಿಗೆ ಕೇಳಿಸಿತು. ಪಕ್ಕದ ಮನೆಯ ಹೊಳೆವ್ವ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು. ‘ಏನಿದು ಸಿದ್ದಲಿಂಗವ್ವಾ, ಗಂಡಿಲ್ಲದ ಹೆಣ್ಣು ಹಿಂಗ...’ ಎಂದು ತೆಗೆದಳು. ಅವ್ವ ಕಣ್ಣು ತೆರೆಯದೆಯೇ ಕೈ ಎತ್ತಿ, ‘ಕೂಡು. ಕೇಳು’ ಎಂದಳು. ಹೊಳೆವ್ವ ಕೂತಳು.

ಹಾಡು ಮುಗಿಯಿತು. ಈಗ ಗುರುತು ಹಿಡಿಯುತ್ತಾಳೆ, ಅಳುತ್ತಾಳೆ, ನನಗೆ ಬೈಯುತ್ತಾಳೆ ಎಂದು ನಾನು ಕಾದೆ. ಕಾಲು ಹಿಡಿಯಲು ತಯಾರಾಗಿ ಕೂತಿದ್ದೆ. ಅವ್ವ ಕಣ್ಣು ತೆರೆದು ಮಗಳನ್ನು ನೋಡಿದಳು.

‘ಚಲೋ ಹಾಡ್ತಿ. ಖರೇ ಹೇಳ್ತೀನಿ, ಭಾಳ ಚಲೋ ಹಾಡ್ತಿ. ಆದ್ರ ಆಕಿ ಹಂಗ ಅಲ್ಲ.’

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ‘ಅವ್ವಾ, ಆಕಿನ ಈಕಿ!’ ಎಂದು ಕೂಗಿದೆ. ‘ನೀ ಸುಮ್ಮನಿರೋ. ಆಕಿ ಹಾಡಿದ್ದು ಕೇಳಿದಾಕಿ ನಾನು’ ಎಂದಳು. ನಾನು ಆಕೆಯ ಮಗ್ಗುಲಲ್ಲೇ ಕೂತು ಡಬ್ಬಿ ಬಾರಿಸಿದವನು, ಯಮನೂರಾ! ನನಗೇ ‘ಸುಮ್ಮನಿರು’ ಎನ್ನುತ್ತಾಳೆ. ನಿನಗೆ ಹೇಗೆನಿಸಿತ್ತೆಂದು ಈಗ ತಿಳಿಯಿತು.

ದ್ರಾಕ್ಷಾಯಣಿ ಅಳುತ್ತಾಳೆಂದು ತ್ರಾಸಾಗಿ ಅವಳ ಕಡೆ ನೋಡಿದೆ. ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಅವ್ವ ಅವಳ ಕೈ ಹಿಡಿದು, ‘ನಾಳಿ ಮತ್ತ ಹಾಡು. ನೋಡೋಣ’ ಎಂದಳು.

ಅಂದಿನಿಂದ ದಿನಾ ಸಂಜೆ ಇದೇ ನಡೆದಿದೆ. ಇವಳು ಹಾಡುವುದು, ಅವಳು ಪರೀಕ್ಷೆ ಮಾಡುವುದು. ಸೋಮವಾರ ‘ಇನ್ನೂ ದೂರ ಐತಿ’ ಅಂದಳು. ನಿನ್ನೆ ‘ನಡಕಿನ ಸಾಲಿನ್ಯಾಗ ಒಂಚೂರು ಆಕಿ ಬಂದಂಗಾತು’ ಅಂದಳು. ಹಾಡಿನ ಮೇಲಿನ ಹಟಕ್ಕೆ ಎರಡು ಚಮಚ ಗಂಜಿ ಹೆಚ್ಚು ಕುಡಿಯುತ್ತಿದ್ದಾಳೆ. ಹೊಳೆವ್ವ ತನ್ನ ಸೊಸೆಯನ್ನೂ ಕರೆದುಕೊಂಡು ಬರುತ್ತಾಳೆ.

ಹಳ್ಳ ಇಳಿದ ಮೇಲೆ ಬಾ.

ಅಂದಾನಿ


ನರಗುಂದ
೨೨ ಅಕ್ಟೋಬರ್ ೧೯೫೮

ಅಂದಾನಿ,

ನಿನ್ನ ಕಾಗದ ಮುನೀರಾಳಿಗೆ ಓದಿ ಹೇಳಿದೆ. ಒಬ್ಬ ಗಿರಾಕಿ ಸ್ಟೋ ಹಿಡಿದು ನಿಂತಿದ್ದ, ನನ್ನ ನಗು ನೋಡಿ ಹೆದರಿ ಹೋದ.

ದೊಡ್ಡವ್ವನ ಪರೀಕ್ಷೆ ನ್ಯಾಯದ್ದಲ್ಲ. ದೇವಿಗೆ ಹಗೇವಿನ ಹೊಟ್ಟೆಯ ಮೊಳಗು ಇತ್ತು, ನನ್ನ ಕಾಕಾನ ಬಾಜಾ ಇತ್ತು. ನನ್ನ ತಂಗಿಗೆ ನಿನ್ನ ಡಬ್ಬಿಯೊಂದೇ. ಶನಿವಾರದ ಬಸ್ಸಿಗೆ ಬರುತ್ತೇನೆ. ಎರಡು ದಿನ ಇರುತ್ತೇನೆ. ಈ ಸಲ ಮುಂದಿನ ಬಾಗಿಲಿನಿಂದ ಬರುತ್ತೇನೆ, ಬಾಜಾ ಕೈಯಲ್ಲಿ ಹಿಡಿದು, ಓಣಿಯವರು ನೋಡುವ ಹಾಗೆ. ಯಾರಾದರೂ ಏನಾದರೂ ಅಂದರೆ ದೊಡ್ಡವ್ವನ ಹತ್ತಿರ ಕಳಿಸು.

ಯಮನೂರ


ಗಜೇಂದ್ರಗಡ
೧೪ ನವೆಂಬರ್ ೧೯೫೮

ಯಮನೂರಣ್ಣನವರಿಗೆ,

ಅವ್ವ ಹೋದಳು. ದೀಪಾವಳಿಯ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ. ತಾರು ಕೊಡಲು ಅಣ್ಣನಿಗೆ ಕಾಲೇ ಬರಲಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಅವನು ಮಗ್ಗದ ಮುಂದೆ ಸುಮ್ಮನೆ ಕೂತಿದ್ದಾನೆ. ನೀವು ಬಂದರೆ ಅವನಿಗೆ ಆಸರೆ ಆದೀತು.

ನೀವು ಬಂದುಹೋದ ಆ ಎರಡು ದಿನವನ್ನು ಅವ್ವ ಭಾಳ ನೆನೆಸಿದಳು. ‘ಯಮನೂರನ ಕೈ ಈಗ ನೀಲಿ ಇಲ್ಲ, ಕರ್ರಗ ಆಗ್ಯಾವ, ಸೊರಗ್ಯಾನ’ ಎಂದು ಹೇಳುತ್ತಿದ್ದಳು. ನಿಮ್ಮ ಬಾಜಾ ಕೇಳಿದ ಮೇಲೂ ‘ಭಾಳ ಹತ್ತರ ಬಂತು, ಆದ್ರ ಇನ್ನೂ ಆಕಿ ಹಂಗ ಅಲ್ಲ’ ಅಂದದ್ದು ನಿಮ್ಮ ಮುಂದೆಯೇ. ನಿಮ್ಮ ಮುಖ ಸಪ್ಪಗಾದದ್ದು ನೋಡಿ ಆಮೇಲೆ ನಾವಿಬ್ಬರೂ ನಕ್ಕೆವು.

ಅಣ್ಣಾ, ನಾನು ಮೊದಲು ಅವ್ವ ಗುರುತು ಹಿಡಿಯಲಿ ಎಂದು ಹಾಡಿದೆ. ಆಮೇಲೆ ಆ ದೇವಿಯನ್ನು ಸೋಲಿಸಬೇಕೆಂದು ಹಾಡಿದೆ. ಎಂದಿನಿಂದಲೋ ಗೊತ್ತಿಲ್ಲ, ಸಂಜೆಯಾದರೆ ಹಾಡಬೇಕು ಎಂದು ಹಾಡತೊಡಗಿದೆ. ಅಡ್ಡ ಬರುತ್ತಿದ್ದ ಆ ಕೈ ಈಗ ನನ್ನ ಕೈ ಹಿಡಿದುಕೊಂಡು ತಾಳ ಹಾಕುತ್ತಿತ್ತು.

ಅಮಾವಾಸ್ಯೆಯ ಸಂಜೆ ಉಸಿರು ಭಾಳ ಕಷ್ಟವಾಗಿತ್ತು. ಇವತ್ತು ಬೇಡ ಎಂದ ಅಣ್ಣ. ಅವ್ವ ಕಣ್ಣಿನಿಂದಲೇ ನನ್ನನ್ನು ಕರೆದಳು. ಹೊರಗೆ ಓಣಿಯಲ್ಲಿ ಹಣತೆ ಹಚ್ಚುತ್ತಿದ್ದರು. ನಾನು ಡಬ್ಬಿ ಇಲ್ಲದೆ, ಬಾಜಾ ಇಲ್ಲದೆ, ಓಟವಿಲ್ಲದೆ ಸಾವಕಾಶ ಹಾಡಿದೆ, ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಹಾಗೆ. ಮುಗಿಸಿ ದಿನಾ ಕೇಳುವ ಹಾಗೆ ಕೇಳಿದೆ, ‘ಇವತ್ತರ ಆಕಿ ಹಂಗ ಆತೇನವ್ವಾ?’

ಅವ್ವ ಭಾಳ ಹೊತ್ತು ನೆನಪು ಮಾಡಿಕೊಂಡಳು. ಆಮೇಲೆ ಹೇಳಿದಳು:

‘ಆಕಿ ಹ್ಯಾಂಗ ಹಾಡ್ತಿದ್ಲು, ನನಗ ಮರತ ಹೋಗೇತಿ. ನೀ ಹಾಡು.’

ನಾನು ಹಾಡಿದೆ.

ನಿಮ್ಮ ತಂಗಿ,
ದ್ರಾಕ್ಷಾಯಣಿ